ಕುಲುಮೆಗೆ ತಕ್ಕ ಪ್ರಶ್ನೆ

ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ಎಂದರೆ ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು 2014ರಲ್ಲಿ ಬಂದ ಭಾರತರತ್ನ, ಆಮೇಲೆ 1,500 ದಾಟಿದ ಪ್ರಬಂಧಗಳ ಲೆಕ್ಕ. ಈ ವೃತ್ತಿಜೀವನವನ್ನು ನಾನು ಬೇರೆ ಅಳತೆಗೋಲಿನಿಂದ ನೋಡುತ್ತೇನೆ: ಕೈಯಲ್ಲಿದ್ದ ಸಲಕರಣೆಗೆ ತಕ್ಕ ಪ್ರಶ್ನೆಯನ್ನು ಅವರು ಆರಿಸಿಕೊಂಡ ಬಗೆ.

1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾವ್, ಮೈಸೂರು ವಿಶ್ವವಿದ್ಯಾಲಯದ ಪದವಿ, ಕಾಶಿಯ ಎಂ.ಎಸ್ಸಿ., 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಪಿಎಚ್.ಡಿ. ಮುಗಿಸಿ, 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಉಪನ್ಯಾಸಕರಾಗಿ ಬಂದರು. 1963ರಲ್ಲಿ ಕಾನ್ಪುರದ ಐಐಟಿ ಸೇರಿದರು. ಘನಸ್ಥಿತಿ ರಸಾಯನಶಾಸ್ತ್ರ ಆಗಿನ್ನೂ ಕಣ್ಣು ಬಿಡುತ್ತಿದ್ದ ಕಾಲ. ಅವರು ಹಿಡಿದದ್ದು ಲೋಹಗಳ ಆಕ್ಸೈಡುಗಳನ್ನು. ಇವನ್ನು ತಯಾರಿಸಲು ಮೂಸೆ, ಕುಲುಮೆ, ತಾಳ್ಮೆ ಇದ್ದರೆ ಸಾಕು. ಪ್ರಶ್ನೆಗಳು ಮಾತ್ರ ಆಳವಾದವು. ವೆನೇಡಿಯಂ ಡೈಆಕ್ಸೈಡ್ ಸುಮಾರು 68 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಲೋಹದಂತೆ ವಿದ್ಯುತ್ತನ್ನು ಹರಿಸತೊಡಗುತ್ತದೆ. ಯಾಕೆ? ಇಂಥ ಪ್ರಶ್ನೆಗಳ ಬೆನ್ನು ಹತ್ತಿ ಅವರು ದಶಕಗಳನ್ನು ಕಳೆದರು.

1980ರ ದಶಕದಲ್ಲಿ ಸಹೋದ್ಯೋಗಿ ಜೆ. ಗೋಪಾಲಕೃಷ್ಣನ್ ಅವರೊಡನೆ ರೂಪಿಸಿದ ಕಾರ್ಬೊನೇಟ್ ವಿಧಾನ ನನಗೆ ತುಂಬ ಮೆಚ್ಚಿಕೆ. ಎರಡು ಲೋಹಗಳ ಆಕ್ಸೈಡು ಪುಡಿಗಳನ್ನು ಎಷ್ಟೇ ಅರೆದರೂ ಅವು ಕುಟ್ಟಿದ ಉಪ್ಪು-ಖಾರದಂತೆ ಬೇರೆ ಬೇರೆ ಕಣಗಳಾಗಿಯೇ ಉಳಿಯುತ್ತವೆ. ಪರಮಾಣುಗಳು ಬೆರೆಯಬೇಕಾದರೆ ದಿನಗಟ್ಟಲೆ ಕಾಯಿಸಬೇಕು. ಎರಡೂ ಲೋಹಗಳು ಒಂದೇ ಕಾರ್ಬೊನೇಟ್ ಹರಳಿನಲ್ಲಿ ಮೊದಲೇ ಬೆರೆತಿದ್ದರೆ ಕಡಿಮೆ ಶಾಖದಲ್ಲಿ, ಕಡಿಮೆ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ದುಬಾರಿ ಯಂತ್ರ ಮಾಡಬೇಕಾದ್ದನ್ನು ಇಲ್ಲಿ ರಸಾಯನಜ್ಞನ ಬುದ್ಧಿ ಮಾಡಿತು.

1976ರಲ್ಲಿ ಬೆಂಗಳೂರಿಗೆ ಮರಳಿ ಘನಸ್ಥಿತಿ ರಸಾಯನಶಾಸ್ತ್ರದ ವಿಭಾಗ ಕಟ್ಟಿದರು. 1984ರಿಂದ 1994ರವರೆಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. 1989ರಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರ ಹುಟ್ಟುಹಾಕಿದರು. 1987ರಲ್ಲಿ ದ್ರವ ನೈಟ್ರೋಜನ್ ಶೈತ್ಯದಲ್ಲೇ ಕೆಲಸ ಮಾಡುವ ಅತಿವಾಹಕಗಳು (ತಡೆಯಿಲ್ಲದೆ ವಿದ್ಯುತ್ತನ್ನು ಹರಿಸುವ ವಸ್ತುಗಳು) ಜಗತ್ತನ್ನು ಬೆರಗುಗೊಳಿಸಿದಾಗ ಅವರ ತಂಡ ಮುಂಚೂಣಿಯಲ್ಲಿ ನಿಂತದ್ದು ಅದೃಷ್ಟದಿಂದಲ್ಲ. ಆ ಅತಿವಾಹಕಗಳೂ ಆಕ್ಸೈಡುಗಳೇ; ಆಕ್ಸೈಡುಗಳಲ್ಲಿ ಪಳಗಿದ ಕೈಗಳು ಅಲ್ಲಿ ಮೊದಲೇ ಸಿದ್ಧವಾಗಿದ್ದವು.

ಕೊರತೆಯನ್ನೂ ಹೇಳಬೇಕು. 2011ರಲ್ಲಿ ಅವರು ಸಹಲೇಖಕರಾಗಿದ್ದ ಗ್ರಾಫೀನ್ ಪ್ರಬಂಧವೊಂದರಲ್ಲಿ ಬೇರೆಯವರ ವಾಕ್ಯಗಳು ಹಾಗೆಯೇ ಬಂದಿದ್ದವು. ಲೇಖಕರು ಅದು ಅಚ್ಚಾದ ಪತ್ರಿಕೆಯಲ್ಲೇ ಕ್ಷಮೆ ಕೇಳಿದರು. ಹೆಸರಿದ್ದ ಮೇಲೆ ಪ್ರತಿ ಸಾಲಿಗೂ ಹೊಣೆಯಿದೆ. ಪ್ರಬಂಧಗಳ ಎಣಿಕೆಯನ್ನೇ ಆದರ್ಶವಾಗಿ ಹಿಡಿದವರು ಈ ಪಾಠವನ್ನು ಮರೆಯಬಾರದು.

ಅವರು ಕಟ್ಟಿದ್ದೆಲ್ಲ ದೊಡ್ಡ ನಗರಗಳಲ್ಲಿ ನಿಂತಿದೆ. ಆದರೆ ಅವರ ಮಾರ್ಗಕ್ಕೆ ನಗರವೇ ಬೇಕೆಂದಿಲ್ಲ. ನಮ್ಮ ತಾಲ್ಲೂಕು ಕಾಲೇಜುಗಳಿಗೆ ಒಂದೊಂದು ಒಳ್ಳೆಯ ವಿದ್ಯುತ್ ಕುಲುಮೆ ಕೊಡಿ. ಮಾದರಿಗಳ ಪರೀಕ್ಷೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರವಿದೆ. ಅಧ್ಯಾಪಕರೇ, ಇಬ್ಬರು ಮಕ್ಕಳನ್ನು ಜೊತೆಗಿಟ್ಟುಕೊಂಡು ಒಂದೇ ಪ್ರಶ್ನೆಯನ್ನು ಐದು ವರ್ಷ ಬಿಡದೆ ಹಿಡಿಯಿರಿ. ರಾವ್ ಅವರಿಗೆ ಹಾರ ಹಾಕುವುದಕ್ಕಿಂತ ಇದು ದೊಡ್ಡ ಗೌರವ.