ಸುಲಭದ ಹಾದಿಗೆ ಸಿಗದ ಮರ್ಯಾದೆ

ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಸುತ್ತಲಿನ ಕಾಡುಹಾದಿಗಳ ಬಗ್ಗೆ ಸೈಕಲ್ ಹೊಡೆಯುವ ಯಾರನ್ನು ಕೇಳಿದರೂ ಮಾತು ಹೋಗಿ ನಿಲ್ಲುವುದು ಸೋಕೆಲ್ ಡೆಮಾನ್‌ಸ್ಟ್ರೇಷನ್ ಸ್ಟೇಟ್ ಫಾರೆಸ್ಟ್‌ನ ಫ್ಲೋ ಟ್ರೇಲ್ ಮೇಲೆ. 2015ರಲ್ಲಿ ಪೂರ್ತಿಯಾದ, ಆರು ಕಿಲೋಮೀಟರಿಗೂ ಮಿಕ್ಕಿದ ಆ ಇಳಿಹಾದಿಗೆ ಬಂದ ಹೊಗಳಿಕೆಗೆ ಲೆಕ್ಕವಿಲ್ಲ. ಊರಿಗೆ ಅಂಟಿಕೊಂಡೇ ಇರುವ ಪೋಗೋನಿಪ್ ಕಾಡಿನ ಎಮ್ಮಾ ಮಕ್ರೇರಿ ಟ್ರೇಲ್‌ಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು: ಮೈ ಬೆಚ್ಚಗಾಗಲು ಪರವಾಗಿಲ್ಲ, ಮಕ್ಕಳಿಗೆ ಸಾಕು. ಈ ತೀರ್ಪು ತಲೆಕೆಳಗಾಗಿದೆ. ಬಹಳ ವರ್ಷ ಸೈಕಲ್ ಮುಟ್ಟದವರೂ ಧೈರ್ಯವಾಗಿ ಹೋಗಿಬರಬಹುದಾದ ಕಾಡುಹಾದಿಯನ್ನು ಹೇಗೆ ಕಟ್ಟಬೇಕು ಎಂಬುದಕ್ಕೆ ಎಮ್ಮಾಗಿಂತ ಒಳ್ಳೆಯ ಉತ್ತರವನ್ನು ನಾನು ಆ ಕರಾವಳಿಯಲ್ಲಿ ಕಂಡಿಲ್ಲ.

ಹಿನ್ನೆಲೆ ಎಲ್ಲರಿಗೂ ಗೊತ್ತಿದ್ದದ್ದೇ. ಪೋಗೋನಿಪ್ ಎಂದರೆ ಹಿಂದೊಮ್ಮೆ ಗಾಲ್ಫ್, ಪೋಲೋ ಆಡುತ್ತಿದ್ದ, ಈಗ ನಗರಾಡಳಿತದ ಕೈಯಲ್ಲಿರುವ 640 ಎಕರೆ ಜಾಗ. ಅಲ್ಲಿಗೆ ಹೊಸ ಸೈಕಲ್ ಹಾದಿ ಬೇಕೇ ಬೇಡವೇ ಎಂದು ವರ್ಷಗಟ್ಟಲೆ ಜಗ್ಗಾಡಿ, ಕೊನೆಗೆ ಸ್ವಯಂಸೇವಕರು ಗುದ್ದಲಿ ಹಿಡಿದು ನಿಂತು, 2013ರಲ್ಲಿ ಹಾದಿ ತೆರೆಯಿತು. ಉದ್ದ ಎರಡೂವರೆ ಕಿಲೋಮೀಟರಿನ ಆಸುಪಾಸು. ನಡೆಯುವವರು, ಕುದುರೆ ಸವಾರರು, ಸೈಕಲ್‌ನವರು ಮೂವರಿಗೂ ಅದೇ ಹಾದಿ, ಏರುವವರಿಗೂ ಇಳಿಯುವವರಿಗೂ ಅದೇ. ಈ ಕೊನೆಯ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಎಮ್ಮಾ ಬಗ್ಗೆ ಏನು ಬರೆದರೂ ಅದು ಅರ್ಧ ಬರಹವೇ.

ನಾನು ನೋಡಬೇಕೆನ್ನುವುದು ಒಂದೇ ಒಂದು ಸಂಗತಿ. ಕೆಳಗಿನಿಂದ ಏರುವಾಗ ಹಾದಿ ಒಂದೇ ಸಮನೆ ಏರುವುದಿಲ್ಲ. ಸ್ವಲ್ಪ ದೂರ ಏರಿ, ನಾಲ್ಕಾರು ಸೈಕಲ್ ಉದ್ದದಷ್ಟು ಇಳಿದು, ಮತ್ತೆ ಏರುತ್ತದೆ. ಪೆಡಲ್ ತುಳಿಯುತ್ತಿದ್ದವರಿಗೆ ಅದು ತಗ್ಗು ಅಂತಲೂ ಅನ್ನಿಸುವುದಿಲ್ಲ. ಕಾಲು ಒಂದೆರಡು ಸುತ್ತು ಹಗುರಾಗುತ್ತದೆ, ಅಷ್ಟೆ. ಹಾದಿ ಕಟ್ಟುವವರು ಇದನ್ನು ಮೊದಲು ಮಾಡಿದ್ದು ಸವಾರರಿಗಾಗಿ ಅಲ್ಲವೇ ಅಲ್ಲ, ನೀರಿಗಾಗಿ. ಸಾಂತಾ ಕ್ರೂಜ್‌ನಲ್ಲಿ ಬೇಸಿಗೆಯೆಂದರೆ ಬರೀ ಮಂಜು. ಮಳೆಯೆಲ್ಲ ಚಳಿಗಾಲದ ತಿಂಗಳುಗಳಲ್ಲಿ ಒಟ್ಟಿಗೆ ಹೊಡೆಯುತ್ತದೆ. ಹಾದಿಗುಂಟ ಹರಿಯಲು ಬಿಟ್ಟರೆ ಆ ನೀರು ಒಂದೆರಡು ಮಳೆಗಾಲದಲ್ಲಿ ಹಾದಿಯನ್ನು ಕೊರಕಲು ಮಾಡಿಬಿಡುತ್ತದೆ. ನಡುವೆ ತಗ್ಗು ಕೊಟ್ಟರೆ ಮೇಲಿನಿಂದ ಬಂದ ನೀರು ಮುಂದಿನ ಏರನ್ನು ಹತ್ತಲಾರದೆ ಅಲ್ಲೇ ಪಕ್ಕಕ್ಕೆ ಇಳಿದುಹೋಗುತ್ತದೆ. ಉಳಿದ ಕಡೆ ನೆಲವನ್ನೇ ಕಣಿವೆಯ ಬದಿಗೆ ಶೇಕಡ 5ರಷ್ಟು ವಾಲಿಸಿರುತ್ತಾರೆ. ನಮ್ಮ ಅಡಿಕೆ ತೋಟದ ಬಸಿಗಾಲುವೆ ಮಾಡುವ ಕೆಲಸವನ್ನು ಇಲ್ಲಿ ಹಾದಿಯ ಆಕಾರವೇ ಮಾಡುತ್ತದೆ. ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ 2004ರಲ್ಲಿ ತಂದ ಕೈಪಿಡಿಯಲ್ಲಿ ಇದೆಲ್ಲ ಇದೆ. ಇಷ್ಟನ್ನು ಯಾವ ಸಮರ್ಥ ಕೆಲಸಗಾರನೂ ಮಾಡುತ್ತಾನೆ.

ಎಮ್ಮಾದ ಹೆಚ್ಚುಗಾರಿಕೆ ಇರುವುದು ಆ ತಗ್ಗುಗಳನ್ನು ಇಟ್ಟ ಜಾಗದಲ್ಲಿ. ಅದೇ ತಗ್ಗನ್ನು ಮೇಲಿನಿಂದ ಇಳಿದು ಬರುವವನ ಕಣ್ಣಿನಿಂದ ನೋಡಿ. ಏರುವವನಿಗೆ ಇಳುಕಲಾಗಿದ್ದ ಆ ನಾಲ್ಕಾರು ಸೈಕಲ್ ಉದ್ದ ಇವನಿಗೆ ಚಿಕ್ಕದೊಂದು ಏರು. ಸೈಕಲ್ ಆ ಏರನ್ನು ಹತ್ತುವಷ್ಟರಲ್ಲಿ ವೇಗ ತಾನಾಗಿ ಇಳಿಯುತ್ತದೆ, ಬ್ರೇಕ್ ಒತ್ತುವ ಪ್ರಮೇಯವೇ ಬರುವುದಿಲ್ಲ. ಅದರ ಬೆನ್ನಿಗೇ ರೆಡ್‌ವುಡ್ ಬುಡಗಳ ಹಿಂದೆ ಮರೆಯಾಗುವ ತಿರುವು. ತಿರುವಿನ ಆಚೆ ನಾಯಿ ಹಿಡಿದುಕೊಂಡು ಬರುವ ಅಜ್ಜಿಯೊಬ್ಬರು ಇರಬಹುದು, ಕುದುರೆ ಇರಬಹುದು. ಅಂದರೆ ಮಣ್ಣಿನ ಒಂದೇ ಮಡಿಕೆ ನೀರನ್ನು ಹೊರಗೆ ಹಾಕುತ್ತದೆ, ಏರುವವನಿಗೆ ಉಸಿರು ಕೊಡುತ್ತದೆ, ಇಳಿಯುವವನ ವೇಗವನ್ನು ಅವನಿಗೆ ಗೊತ್ತಾಗದಂತೆ ಕಡಿಮೆ ಮಾಡುತ್ತದೆ. ಎಚ್ಚರಿಕೆಯ ಫಲಕದಿಂದ ಆಗದ ಕೆಲಸ ಇದು. ವೇಗದಲ್ಲಿ ಬರುವವರು ಫಲಕ ಓದುವುದಿಲ್ಲ.

ಹಾದಿಗಳ ಕಷ್ಟದ ದರ್ಜೆಗಳನ್ನು ಗೊತ್ತುಮಾಡಿದವರೂ ಆ ಕೈಪಿಡಿ ತಂದ ಅಸೋಸಿಯೇಷನ್‌ನವರೇ. ಹಸಿರು ವೃತ್ತದ, ಅಂದರೆ ಸುಲಭ ದರ್ಜೆಯ ಹಾದಿಗೆ ಕನಿಷ್ಠ 36 ಇಂಚು ಅಗಲ, ಸರಾಸರಿ ಏರು ಶೇಕಡ 5ರೊಳಗೆ, ತಪ್ಪಿಸಿಕೊಳ್ಳಲಾಗದ ಅಡ್ಡಿಗಳು 2 ಇಂಚಿಗಿಂತ ಎತ್ತರ ಇರಬಾರದು. ಎಮ್ಮಾ ಎಲ್ಲ ಕಡೆಯೂ ಈ ಅಳತೆಯೊಳಗೆ ಕೂರುತ್ತದೆಯೇ ಎಂದು ಟೇಪು ಹಿಡಿಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ಮುಂದೆ ಎಷ್ಟು ದೂರ ಕಾಣುತ್ತದೆ, ಎಲ್ಲಿ ಉಸಿರು ತಿರುಗುತ್ತದೆ ಎಂಬುದು ಆ ಅಳತೆಗಳಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅಳತೆ ನೋಡಿ ಬರೆಯುವವರಿಗೆ ಎಮ್ಮಾ ಬರಿಯ ಸಪಾಟು ಹಾದಿಯಾಗಿ ಕಾಣುತ್ತದೆ.

ಈಗ ಆ ಬರೆಯುವವರ ವಿಷಯ. ಪರ್ವತ ಸೈಕಲ್ ಲೋಕದ ಹಳಬರ ಒಂದು ದೂರು ಬಹಳ ವರ್ಷಗಳಿಂದ ಕೇಳಿಬರುತ್ತಿದೆ: ಬೇರು, ಕಲ್ಲು, ಕಡಿದಾದ ಇಳುಕಲುಗಳನ್ನೆಲ್ಲ ಸವರಿ ಹಾದಿಗಳನ್ನು ನುಣ್ಣಗೆ ಮಾಡಿಬಿಟ್ಟಿದ್ದೀರಿ, ಕಾಡು ಕಾಡಾಗಿ ಉಳಿದಿಲ್ಲ. ಈ ದೂರಿನ ಒಳಗಿರುವ ಪ್ರೀತಿಯನ್ನು ನಾನು ಗೌರವಿಸುತ್ತೇನೆ, ವಾದವನ್ನು ಒಪ್ಪಲಾರೆ. ಇಲ್ಲಿ ಯಾವುದು ಮೂಲ ಕಾಡು? ಪಕ್ಕದ ಆಪ್ಟೋಸ್‌ನ ನಿಸೀನ್ ಮಾರ್ಕ್ಸ್ ಕಾಡನ್ನೇ ನೋಡಿ. 1883ರಿಂದ 1923ರವರೆಗೆ ಲೋಮಾ ಪ್ರಿಯೇಟಾ ಮರದ ಕಂಪನಿ ಆ ಕಣಿವೆಯ ರೆಡ್‌ವುಡ್‌ಗಳನ್ನು ಬೋಳಿಸಿತು. ಇವತ್ತು ನಾವು ತಲೆಯೆತ್ತಿ ನೋಡುವ ಮರಗಳು ಆಮೇಲೆ ಬೆಳೆದವು. 1963ರಲ್ಲಿ ಮಾರ್ಕ್ಸ್ ಮನೆಯ ಮಕ್ಕಳು ತಾಯಿಯ ಹೆಸರಿನಲ್ಲಿ ಆ ಜಾಗವನ್ನು ರಾಜ್ಯಕ್ಕೆ ಕೊಟ್ಟರು. ಅಲ್ಲಿ ಸೈಕಲ್‌ಗೆ ಬಿಟ್ಟಿರುವ ಆಪ್ಟೋಸ್ ಕ್ರೀಕ್ ರಸ್ತೆಯ ಕೆಳಭಾಗ ಅಷ್ಟು ಹಿತವಾಗಿ ಏರುವುದು ಯಾಕೆ? ದಿಮ್ಮಿ ಹೇರಿದ ರೈಲು ಅದಕ್ಕಿಂತ ಕಡಿದಾದ ದಾರಿ ಹತ್ತಲಾರದು ಎಂಬ ಕಾರಣಕ್ಕೆ. ಚೀನೀ ಕೂಲಿಗಳು ಬೆಟ್ಟ ಕಡಿದು ಹಾಸಿದ ರೈಲುದಾರಿ ಅದು. ಹಳಬರು ಸಹಜ ಎಂದು ಕರೆಯುವ ಹಾದಿಗಳಲ್ಲಿ ಎಷ್ಟೋ ಇಂಥ ಮರ ಎಳೆದ ದಾರಿಗಳೇ. ಅವುಗಳಲ್ಲಿ ನೇರ ಇಳಿಜಾರಿನಲ್ಲಿ ಬಿದ್ದವು ಪ್ರತಿ ಮಳೆಗಾಲ ಮಣ್ಣನ್ನು ಹೊಳೆಗೆ ಸುರಿಯುತ್ತವೆ. ಆ ಹೊಳೆಗಳಲ್ಲಿ ಸ್ಟೀಲ್‌ಹೆಡ್ ಮೀನು ಮೊಟ್ಟೆಯಿಡುತ್ತದೆ. ಕಷ್ಟದ ಹಾದಿಯೇ ಕಾಡಿಗೆ ಹತ್ತಿರ ಎಂಬ ನಂಬಿಕೆಗೆ ಆ ಮಣ್ಣಿನಲ್ಲಿ ಯಾವ ಆಧಾರವೂ ಇಲ್ಲ.

ಇನ್ನೊಂದು ಗುಂಪು ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡವರದು. ಅಗಲ ಲೆನ್ಸ್ ಇಳಿಜಾರನ್ನು ಚಪ್ಪಟೆ ಮಾಡುತ್ತದೆ ಎಂಬುದು ಅವರಿಗೂ ಗೊತ್ತು. ಕಡಿದಾದ ಹಾದಿ ವೀಡಿಯೊದಲ್ಲಿ ಸುಲಭವಾಗಿಯೂ ಸುಲಭದ ಹಾದಿ ಏನೂ ಇಲ್ಲದ್ದಾಗಿಯೂ ಕಾಣುತ್ತದೆ. ಫ್ಲೋ ಟ್ರೇಲ್‌ನ ಎತ್ತರಿಸಿದ ತಿರುವುಗಳು, ಅಲೆಯಲೆಯಾದ ಉಬ್ಬುಗಳು ತೆರೆಯ ಮೇಲೆ ಸೊಗಸಾಗಿ ಬರುತ್ತವೆ. ಎಮ್ಮಾದ ತಗ್ಗುಗಳು ಕಾಣುವುದೇ ಇಲ್ಲ. ಹೀಗೆ ಹುಟ್ಟಿದ ಖ್ಯಾತಿಯನ್ನು ನಂಬಿ, ಹೊಸಬರಿಗೆ ಯಾವ ಹಾದಿ ಎಂದು ಕೇಳಿದರೆ ಫ್ಲೋ ಟ್ರೇಲ್ ಎನ್ನುವವರ ಮೇಲೆ ನನಗೆ ನಿಜವಾದ ಸಿಟ್ಟಿದೆ. ಆ ಹಾದಿ ಕೆಟ್ಟದ್ದಲ್ಲ. ಕಟ್ಟಿದವರು ಎಮ್ಮಾವನ್ನು ಕಟ್ಟಿದ ಸ್ವಯಂಸೇವಕರ ಸಂಘದವರೇ, ಇಳಿಯುವ ಕಲೆ ಬಲ್ಲವರಿಗೆ ಅದು ಹಬ್ಬ. ಆದರೆ ಅದರ ತುದಿ ಮುಟ್ಟಲು ಮೊದಲು ಬೆಟ್ಟ ಹತ್ತಬೇಕು. ಇಳಿದು ಮುಗಿದ ಮೇಲೆ ಹಿನ್ಸ್ ಮಿಲ್ ರಸ್ತೆಯಲ್ಲಿ ಮತ್ತೆ ಏರಿ ಕಾರು ನಿಲ್ಲಿಸಿದಲ್ಲಿಗೆ ಸೇರಬೇಕು. ನಡುವೆ ಬೇಡವೆನಿಸಿದರೆ ಸುಲಭವಾಗಿ ಹಿಂದಿರುಗುವ ದಾರಿಯಿಲ್ಲ.

ಸ್ಯಾನ್ ಹೋಸೆ, ಸನಿವೇಲ್ ಕಡೆಯ ನಮ್ಮ ಕನ್ನಡದವರು ಶನಿವಾರ ಹೈವೇ 17 ಹಿಡಿದು ಈ ಕಾಡಿಗೆ ಬರುತ್ತಾರಲ್ಲ, ಅವರಿಗೆ ಇನ್ನೊಂದು ಅಪಾಯ ಕಾದಿರುತ್ತದೆ. ಸೈಕಲ್ ಅಂಗಡಿಯವರಿಗೂ ಇದು ಬಹಳ ಸಲ ಹೊಳೆಯುವುದಿಲ್ಲ. ಊರಿನ ಸೈಕಲ್‌ನಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ. ಅಮೆರಿಕದ ಸೈಕಲ್‌ನಲ್ಲಿ ಅದು ಅದಲುಬದಲು. ಹೈಸ್ಕೂಲಿಗೆ ಹೀರೋ ಸೈಕಲ್ ಹೊಡೆದ ಕೈ ಇಳಿಜಾರಿನಲ್ಲಿ ಹೆದರಿ, ಹಿಂದಿನ ಬ್ರೇಕ್ ಎಂದುಕೊಂಡು ಎಡಗಡೆಯದನ್ನು ಜೋರಾಗಿ ಹಿಚುಕುತ್ತದೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಮುಂದಿನ ಚಕ್ರವನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ, ಸವಾರ ಹ್ಯಾಂಡಲ್ ದಾಟಿ ಹೋಗುತ್ತಾನೆ. ಹಾಗೆ ಬಿದ್ದವರಲ್ಲಿ ಮತ್ತೆ ಕಾಡಿನ ಕಡೆಗೆ ಸೈಕಲ್ ತಿರುಗಿಸದವರನ್ನು ನಾನು ಬಲ್ಲೆ. ಎಮ್ಮಾದಲ್ಲಿ ಹೆದರಿ ಹಿಚುಕುವ ಸಂದರ್ಭವೇ ಅಪರೂಪ, ಏಕೆಂದರೆ ವೇಗವನ್ನು ನೆಲವೇ ಹಿಡಿದಿಟ್ಟಿರುತ್ತದೆ. ಎರಡೂ ಕೈಯ ಬ್ರೇಕುಗಳನ್ನು ಹಗುರಾಗಿ ಒತ್ತಿ, ಯಾವುದು ಯಾವ ಚಕ್ರದ್ದು ಎಂದು ಬೆರಳಿಗೆ ಹೊಸದಾಗಿ ಕಲಿಸಲು ಬಿಡುವು ಸಿಗುತ್ತದೆ. ಹೊಸಬರ ಹಾದಿಯಿಂದ ಇದಕ್ಕಿಂತ ಹೆಚ್ಚಿನದೇನನ್ನು ಕೇಳಬೇಕು?

ಕೊರತೆ ಇಲ್ಲವೆಂದಲ್ಲ. ಹಿಮ್ಮುರಿ ತಿರುವುಗಳ ಹೊರ ಅಂಚಿಗೆ ಏರಿಸಿದ ಮಣ್ಣಿನ ದಂಡೆ ಇಳಿಯುವವನ ಚಕ್ರವನ್ನು ಆತು ಹಿಡಿಯುತ್ತದೆ. ಏರುವವನು ವೇಗವಿಲ್ಲದೆ ಬಂದು ಆ ದಂಡೆಯ ಒಳಮೈಯ ಕಡಿದಾದ ಮೂಲೆಗೆ ಸಿಕ್ಕಿ, ಕಾಲೂರಿ ನಿಲ್ಲುತ್ತಾನೆ. ಎರಡು ದಿಕ್ಕಿನ ಹಾದಿಯಲ್ಲಿ ತಿರುವುಗಳನ್ನು ಇಳಿಯುವವರ ಕಡೆಗೇ ವಾಲಿಸಿದ್ದು ತಪ್ಪು. ಅಷ್ಟೊಂದು ಜಾಣತನದಿಂದ ತಗ್ಗುಗಳನ್ನಿಟ್ಟ ಕೈಗಳಿಗೆ ಇದು ಹೊಳೆಯಬೇಕಿತ್ತು. ಭಾನುವಾರದ ಜನಜಂಗುಳಿ, ಅಂಚಿನ ತುರಿಕೆಯ ಗಿಡ ಪಾಯ್ಸನ್ ಓಕ್ ಇವನ್ನೆಲ್ಲ ಹಾದಿಯ ತಲೆಗೆ ಕಟ್ಟುವುದು ಸರಿಯಲ್ಲ.

ಆದರೆ ತಗ್ಗುಗಳ ಮಾತು ಇನ್ನೂ ಬಾಕಿ ಇದೆ. ನೀರು ಇಳಿದುಹೋಗುವ ಬಾಯಿಯಲ್ಲಿ ಪ್ರತಿ ಮಳೆಗಾಲ ಮಣ್ಣು, ರೆಡ್‌ವುಡ್ ಸೊಪ್ಪು ಕೂಡುತ್ತದೆ. ವರ್ಷಕ್ಕೊಮ್ಮೆ ಅದನ್ನು ಕೆರೆದು ತೆಗೆಯದಿದ್ದರೆ ತಗ್ಗು ತುಂಬಿ ಸಮವಾಗುತ್ತದೆ, ನೀರು ಅದನ್ನು ದಾಟಿ ಮುಂದಿನ ಇಳಿಜಾರಿಗೆ ಬೀಳುತ್ತದೆ. ಆಗ ಏರುವವರಿಗೆ ಉಸಿರೂ ಇಲ್ಲ, ಇಳಿಯುವವರಿಗೆ ತಡೆಯೂ ಇಲ್ಲ. ಮಳೆ ನಿಂತ ಮೇಲೆ ಗುದ್ದಲಿ, ಕುಂಟೆ ಹಿಡಿದು ಹೋಗಲು ಜನ ಬೇಕು. ಖ್ಯಾತಿಯಿರುವ ಹಾದಿಗೆ ಜನ ತಾವಾಗಿ ಬರುತ್ತಾರೆ. ಎಮ್ಮಾವನ್ನು ಒಂದು ಸಾಲಿನಲ್ಲಿ ಮುಗಿಸುವವರು ಅಲ್ಲಿಗೆ ಬರಬೇಕಾದ ಗುದ್ದಲಿಗಳನ್ನೂ ಬೇರೆ ಕಡೆಗೆ ಕಳಿಸುತ್ತಿದ್ದಾರೆ.