ಕಂಡೂ ಕಾಣದ ಕಣ್ಣುಗಳು

ಅಮೆರಿಕದ ಆಶ್‌ಲ್ಯಾಂಡ್ ಪಟ್ಟಣದ ಶಾಲೆಗಳಲ್ಲಿ ಸಲಿಂಗಿಯೆಂಬ ಕಾರಣಕ್ಕೆ ವರ್ಷಗಟ್ಟಲೆ ಹಿಂಸೆಯುಂಡ ಜೇಮಿ ನಬೋಜ್ನಿಯ ಬಾಳನ್ನು 'ಬುಲ್ಲೀಡ್' (2010) ಎಂಬ ಸಾಕ್ಷ್ಯಚಿತ್ರ ನಿರೂಪಿಸುತ್ತದೆ. ಹೊಟ್ಟೆಗೆ ಬಿದ್ದ ಒದೆತಗಳಿಂದ ಆ ಬಾಲಕನಿಗೆ ಶಸ್ತ್ರಚಿಕಿತ್ಸೆಯೇ ಆಗಬೇಕಾಯಿತು. ಹೆತ್ತವರು ಮತ್ತೆ ಮತ್ತೆ ದೂರಿತ್ತರೂ ಶಾಲಾಧಿಕಾರಿಗಳು ಮಿಸುಕಲಿಲ್ಲ. ಹೊಡೆದವರಿಗಿಂತ ಈ ಹಿರಿಯರ ಮೌನವೇ ನನ್ನನ್ನು ಹೆಚ್ಚು ಕಾಡಿತು.

ಇತರ ಮಕ್ಕಳಿಗೆ ದೊರೆಯುವ ರಕ್ಷಣೆಯನ್ನು ಈತನಿಗೆ ನಿರಾಕರಿಸಲಾಗದೆಂದು 1996ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷ ಜ್ಯೂರಿ ಶಾಲಾಧಿಕಾರಿಗಳನ್ನು ಹೊಣೆಗಾರರನ್ನಾಗಿಸಿತು. ಚಿತ್ರ ಈ ಗೆಲುವಿನತ್ತ ತುಸು ಅವಸರದಿಂದಲೇ ಧಾವಿಸುತ್ತದೆ. ಸುಮ್ಮನಿದ್ದವರ ಅಂತರಂಗವನ್ನು ಇನ್ನಷ್ಟು ಕೆದಕಬೇಕಿತ್ತು.

ಸಲಿಂಗಿಗಳನ್ನು ಗೌರವ, ಅನುಕಂಪಗಳಿಂದ ಬರಮಾಡಿಕೊಳ್ಳಬೇಕೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೇ ವಿಧಿಸುತ್ತದೆ. ಹಾಗಿದ್ದೂ, ನಮ್ಮ ಶಾಲೆಯಂಗಳಗಳಲ್ಲಿ 'ಹೆಣ್ಣಿಗ' ಎಂಬ ಕೂಗು ಕೇಳಿದಾಗ ನಮ್ಮಲ್ಲಿ ಎಷ್ಟು ಮಂದಿ ತಿರುಗಿ ನೋಡಿದ್ದೇವೆ?