ಹಳೆಯ ಲಿನಕ್ಸ್ ವ್ಯವಸ್ಥೆಗಳೂ ಸಿದ್ಧ ಬೈನರಿಗಳೂ: ಒಂದು ವಿಮರ್ಶೆ

ಒಂದು ತಂತ್ರಾಂಶವನ್ನು ಒಂದೆಡೆ ಕಟ್ಟಿ, ಯಂತ್ರವು ನೇರವಾಗಿ ನಡೆಸಬಲ್ಲ ಬೈನರಿಯ ರೂಪದಲ್ಲಿ ಎಲ್ಲೆಡೆಗೂ ಹಂಚುವುದು ಈಗಿನ ರೂಢಿಯಾಗಿದೆ. ಮೂಲಪಾಠವನ್ನು ತಂದು ತಮ್ಮ ಗಣಕದಲ್ಲಿಯೇ ಕಟ್ಟಿಕೊಳ್ಳುವವರು ವಿರಳ. ಹೀಗೆ ಬಂದ ಬೈನರಿಯನ್ನು ಕೆಲವು ವರ್ಷ ಹಳೆಯದಾದ ಲಿನಕ್ಸ್ ವ್ಯವಸ್ಥೆಯಲ್ಲಿ ನಡೆಸಹೊರಟರೆ, 'ಗ್ಲಿಬ್‌ಸಿ ೨.೩೪ ದೊರೆಯಲಿಲ್ಲ' ಎಂಬರ್ಥದ ಒಂದು ಸಾಲು ಮೂಡಿ ಕೆಲಸ ಅಲ್ಲಿಗೇ ನಿಲ್ಲುವುದುಂಟು. ಅದನ್ನು ಕಂಡವರು 'ಯಂತ್ರ ಹಳತಾಯಿತು' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಬಹುಮಟ್ಟಿಗೆ ಅನ್ಯಾಯವಾದುದೆಂಬುದು ನಮ್ಮ ಅಭಿಪ್ರಾಯ.

ಇದು ದೂರದವರ ಸಮಸ್ಯೆಯೇನೂ ಅಲ್ಲ. ಮೆಲ್ಕಾರಿನಿಂದ ಕಲ್ಲಡ್ಕ, ವಿಟ್ಲಗಳ ಮಾರ್ಗವಾಗಿ ಹೋದರೆ ಕಾಸರಗೋಡಿನ ಕನ್ನಡ ಸೀಮೆ ಸಿಕ್ಕುತ್ತದೆ. ಅಲ್ಲಿಯ ಸರಕಾರಿ ಕನ್ನಡ ಶಾಲೆಗಳ ಗಣಕಶಿಕ್ಷಣವು ಕೇರಳದ 'ಕೈಟ್' ಸಂಸ್ಥೆಯ ವ್ಯವಸ್ಥೆಗೆ ಒಳಪಟ್ಟುದು. ಆ ಸಂಸ್ಥೆಯು ೨೦೧೯ರಲ್ಲಿ ಉಬುಂಟು ೧೮.೦೪ನ್ನು ಆಧರಿಸಿದ ಒಂದು ಲಿನಕ್ಸನ್ನು ಶಾಲೆಗಳಿಗೆ ಕೊಟ್ಟಿತು, ಮುಂದೆ ೨೨.೦೪ನ್ನು ಆಧರಿಸಿದುದು ಬಂದಿತು. ಮೊದಲನೆಯದರಲ್ಲಿರುವ ಗ್ಲಿಬ್‌ಸಿ ೨.೨೭, ಎರಡನೆಯದರಲ್ಲಿರುವುದು ೨.೩೫. ವಿದ್ಯಾರ್ಥಿಯೊಬ್ಬನು ಹೊಸ ವ್ಯವಸ್ಥೆಯಲ್ಲಿ ಕುಳಿತು, 'ನಮಸ್ಕಾರ' ಎಂದು ಮುದ್ರಿಸುವುದಷ್ಟನ್ನೇ ಮಾಡುವ ಸಿ ಭಾಷೆಯ ಪ್ರೋಗ್ರಾಮೊಂದನ್ನು ಸಾಮಾನ್ಯ ರೀತಿಯಲ್ಲಿ ಕಟ್ಟಿ, ಹಳೆಯದಕ್ಕೆ ಒಯ್ದರೆ ಅದು ನಡೆಯುವುದಿಲ್ಲ. ಹಳೆಯದರಲ್ಲಿ ಕಟ್ಟಿ ಹೊಸದಕ್ಕೆ ತಂದರೆ ನಿರಾತಂಕವಾಗಿ ನಡೆಯುತ್ತದೆ. 'ನಮಸ್ಕಾರ' ಎನ್ನಲು ಹಳೆಯ ಯಂತ್ರಕ್ಕೆ ಬಾರದೆಂದು ಯಾರೂ ಹೇಳಲಾರರಷ್ಟೆ!

ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಕಡತ ತೆರೆಯುವುದು, ಅಕ್ಷರ ಮುದ್ರಿಸುವುದು ಮೊದಲಾದ ನಿತ್ಯಕಾರ್ಯಗಳಿಗೆ ಪ್ರೋಗ್ರಾಮುಗಳು ಆಶ್ರಯಿಸುವ ಸಾಮಾನ್ಯ ಲೈಬ್ರರಿಯೇ ಗ್ಲಿಬ್‌ಸಿ. ಇದರಲ್ಲಿ ಪ್ರತಿಯೊಂದು ಕಾರ್ಯದ ಹೆಸರಿಗೂ ಒಂದು ಆವೃತ್ತಿಸಂಖ್ಯೆ ಅಂಟಿಕೊಂಡಿರುತ್ತದೆ. ಒಂದೇ ಹೆಸರಿನ ಹಳೆಯ ಪಾಠವೂ ಹೊಸ ಪಾಠವೂ, ಪಾಠಾಂತರಸಹಿತವಾದ ಗ್ರಂಥದಲ್ಲಿರುವಂತೆ, ಜೊತೆಯಲ್ಲಿಯೇ ಉಳಿಯುತ್ತವೆ. ಸ್ಮೃತಿಯ ಒಂದು ಭಾಗವನ್ನು ಇನ್ನೊಂದೆಡೆಗೆ ನಕಲುಮಾಡುವ 'ಮೆಮ್‌ಕಾಪಿ' ಇದಕ್ಕೆ ಒಳ್ಳೆಯ ನಿದರ್ಶನ. ೨೦೧೦ರಲ್ಲಿ ಅದರ ಒಳಕ್ರಮವನ್ನು ವೇಗಕ್ಕಾಗಿ ಬದಲಾಯಿಸಿದಾಗ, ಆ ಕಾರ್ಯವನ್ನು ನಿಯಮತಪ್ಪಿ ಬಳಸುತ್ತಿದ್ದ ಫ್ಲಾಷ್ ಪ್ಲೇಯರಿನ ಧ್ವನಿ ಫೆಡೋರಾ ೧೪ರಲ್ಲಿ ಕೆಟ್ಟಿತು. ೨೦೧೧ರ ೨.೧೪ನೆಯ ಆವೃತ್ತಿಯಲ್ಲಿ ಹೊಸ ನಡತೆಗೆ ಹೊಸ ಸಂಖ್ಯೆ ಕೊಟ್ಟು, ಹಳೆಯ ಬೈನರಿಗಳಿಗೆ ಅಪಾಯವಿಲ್ಲದ ಹಳೆಯ ನಡತೆಯನ್ನೇ ಉಳಿಸಲಾಯಿತು. ಹಿಂದಿನವರ ತಪ್ಪನ್ನೂ ಕಾಪಾಡಿದ ಈ ಔದಾರ್ಯ ಮೆಚ್ಚತಕ್ಕುದು.

ಆದರೆ ಔದಾರ್ಯವು ಒಮ್ಮುಖವಾದುದು. ಹೊಸ ಲೈಬ್ರರಿಯು ಹಳೆಯ ಬೈನರಿಯನ್ನು ಬರಮಾಡಿಕೊಳ್ಳುತ್ತದೆಯೇ ಹೊರತು ಹಳೆಯ ಲೈಬ್ರರಿಗೆ ಹೊಸ ಸಂಖ್ಯೆಯ ಪರಿಚಯವೇ ಇರುವುದಿಲ್ಲ. ಬೈನರಿಯನ್ನು ಜೋಡಿಸುವ ಸಾಧನವಾದರೋ, ಕಟ್ಟುವ ಯಂತ್ರದಲ್ಲಿರುವ ಅತ್ಯಂತ ಹೊಸ ಪಾಠವನ್ನೇ ತಾನಾಗಿ ಆರಿಸುತ್ತದೆ. ಪ್ರತಿಯೊಂದು ಪ್ರೋಗ್ರಾಮಿನ ಆರಂಭಕಾರ್ಯಕ್ಕೂ ೨೦೨೧ರ ೨.೩೪ನೆಯ ಆವೃತ್ತಿಯಲ್ಲಿ ಹೊಸ ಸಂಖ್ಯೆ ಬಂದಿತು. ಲೈಬ್ರರಿಯ ಒಳಗೆ ಅದಕ್ಕೆ ಸಕಾರಣವಿತ್ತು. ನಮ್ಮ ವಿದ್ಯಾರ್ಥಿಯ ಒಂದು ಸಾಲಿಗೆ ಅದರ ಅವಶ್ಯಕತೆಯೇನೂ ಇರಲಿಲ್ಲ. ಬೈನರಿಯು ಕೇಳುವ ಸಂಖ್ಯೆ ಅನೇಕ ವೇಳೆ ಅದರ ನಿಜವಾದ ಅಗತ್ಯವನ್ನಲ್ಲ, ಅದು ಹುಟ್ಟಿದ ಸ್ಥಳವನ್ನು ಮಾತ್ರ ಸೂಚಿಸುತ್ತದೆ.

ಇದನ್ನು ಸರಿಯಾಗಿ ಗ್ರಹಿಸಿದವರು ಪೈತಾನ್ ಬಳಗದವರು. ೨೦೧೬ರಲ್ಲಿ ಅವರು 'ಮೆನಿಲಿನಕ್ಸ್' ಎಂಬ ನಿಯಮವನ್ನು ರೂಪಿಸಿ, ಗ್ಲಿಬ್‌ಸಿ ೨.೫ ಇದ್ದ ಸೆಂಟ್‌ಒಎಸ್ ೫ನ್ನು ತಳಹದಿಯಾಗಿ ಹಿಡಿದರು. ಅನಂತರ ಸೆಂಟ್‌ಒಎಸ್ ೬ಕ್ಕೂ, ೨.೧೭ ಇರುವ ಸೆಂಟ್‌ಒಎಸ್ ೭ಕ್ಕೂ ಏರಿದರು. ಹಳೆಯ ತಳಹದಿಯೆಂದರೆ ಹಳೆಯ ಕಂಪೈಲರೇ ಆಗಬೇಕೆಂದಿಲ್ಲ. ರೆಡ್ ಹ್ಯಾಟಿನವರು ಹಳೆಯ ಲೈಬ್ರರಿಯ ಮೇಲೆಯೇ ಹೊಸ ಕಂಪೈಲರನ್ನು ನಡೆಸುವ ಸಾಧನಸಮುಚ್ಚಯವನ್ನು ಒದಗಿಸಿದ್ದರಿಂದ, ಹೊಸ ಭಾಷಾಸೌಕರ್ಯ ಮತ್ತು ಹಳೆಯ ಆಶ್ರಯ ಎರಡೂ ಒಟ್ಟಿಗೆ ದೊರೆತವು. ಝಿಗ್ ಎಂಬ ಭಾಷೆಯ ಕಂಪೈಲರಿನಲ್ಲಿ ಬೇಕಾದ ಗ್ಲಿಬ್‌ಸಿಯ ಸಂಖ್ಯೆಯನ್ನು ನೇರವಾಗಿ ಹೇಳಿಯೇ ಕಟ್ಟಬಹುದು.

ಲೈಬ್ರರಿಯನ್ನೇ ಬೈನರಿಯೊಳಗೆ ಸೇರಿಸಿಬಿಡುವುದು ಇನ್ನೊಂದು ಉಪಾಯ. ಗ್ಲಿಬ್‌ಸಿಯನ್ನು ಹಾಗೆ ಸೇರಿಸಿದರೆ, ಜಾಲದ ಹೆಸರುಗಳನ್ನು ವಿಳಾಸಕ್ಕೆ ತಿರುಗಿಸುವಂತಹ ಕೆಲಸಗಳು ಮತ್ತೆ ಹೊರಗಿನ ಲೈಬ್ರರಿಗಳನ್ನೇ ಅಪೇಕ್ಷಿಸುತ್ತವೆ. ಮಸಲ್ ಎಂಬ ಚಿಕ್ಕ ಲೈಬ್ರರಿಗೆ ಈ ತೊಡಕಿಲ್ಲ. ಸಣ್ಣ ಸಾಧನಗಳಿಗೆ ಅದು ಯೋಗ್ಯವಾದ ದಾರಿ. ಸಕಲವನ್ನೂ ಮೂಟೆಕಟ್ಟಿ ಹೊರಿಸುವ ಫ್ಲಾಟ್‌ಪ್ಯಾಕಿನಂತಹ ಕ್ರಮವು ತಟ್ಟೆ ಚಿಕ್ಕದಿರುವ ಗಣಕಗಳಿಗೆ ಭಾರವೇ ಸರಿ.

ಹಳೆಯ ವ್ಯವಸ್ಥೆಯನ್ನು ಓಲೈಸುವುದು ಅಪಾಯಕರವೆಂದು ವಾದಿಸಬಹುದು. ಉಬುಂಟು ೧೮.೦೪ಕ್ಕೆ ಸಾಮಾನ್ಯ ಭದ್ರತಾ ಪರಿಷ್ಕರಣಗಳು ೨೦೨೩ರ ಮೇ ತಿಂಗಳಿಗೆ ಮುಗಿದುವು. ಸೆಂಟ್‌ಒಎಸ್ ೭ಕ್ಕೆ ೨೦೨೪ರ ಜೂನಿನಲ್ಲಿ. ಜಾಲಕ್ಕೆ ತೆರೆದಿಟ್ಟ ಸರ್ವರುಗಳ ಮಟ್ಟಿಗೆ ಈ ವಾದವನ್ನು ನಾವು ಒಪ್ಪುತ್ತೇವೆ. ಪಾಠ ಹೇಳುವ ಪ್ರಯೋಗಶಾಲೆಗೂ ಅದೇ ಅಳತೆಗೋಲನ್ನು ಹಿಡಿದು, ಹೊಸ ಗಣಕಕ್ಕೆ ಹಣವಿಲ್ಲದವರನ್ನು ಹೊರಗಿಡುವುದು ಸಲ್ಲದು. ೨೦೨೪ರ ಆದಿಯಲ್ಲಿ ವಿಎಸ್ ಕೋಡಿನ ೧.೮೬ನೆಯ ಆವೃತ್ತಿಯು ೨.೨೮ನ್ನು ಕೇಳತೊಡಗಿದಾಗ, ಉಬುಂಟು ೧೮.೦೪ನ್ನು ದೂರದಿಂದ ಸೇರಿ ಕೆಲಸಮಾಡುತ್ತಿದ್ದವರ ದಾರಿ ಕಡಿಯಿತು. ಕೊರತೆ ಒಂದೇ ಒಂದು ಮೆಟ್ಟಿಲಿನದು. ಅದರ ಬೇರು, ೨೦೨೨ರ ನೋಡ್ ಜೆಎಸ್ ೧೮ರ ಅಧಿಕೃತ ಬೈನರಿಗಳನ್ನು ರೆಡ್ ಹ್ಯಾಟ್ ೮ರ ಮೇಲೆ ಕಟ್ಟತೊಡಗಿದುದರಲ್ಲಿತ್ತು. ಬಳಕೆದಾರರು ಆಕ್ಷೇಪಿಸಿದ ಬಳಿಕ ಕೆಲವೇ ದಿನಗಳಲ್ಲಿ ಒಂದು ವರ್ಷದ ಅವಧಿ ಕೊಡಲಾಯಿತು. ಮೊದಲೇ ತಿಳಿಸಿ ಕೊಡಬಹುದಾಗಿದ್ದುದನ್ನು ಕೂಗಿದ ಮೇಲೆ ಕೊಟ್ಟುದು ಆಕ್ಷೇಪಾರ್ಹವೆಂದೇ ನಮಗೆ ತೋರುತ್ತದೆ.

ಬೈನರಿಯೊಂದು ಯಾವ ಸಂಖ್ಯೆಗಳನ್ನು ಕೇಳುತ್ತದೆಂಬುದನ್ನು 'ಆಬ್ಜ್‌ಡಂಪ್' ಎಂಬ ಸಾಮಾನ್ಯ ಸಾಧನದಿಂದ ಯಾರಾದರೂ ಕ್ಷಣದಲ್ಲಿ ಓದಬಹುದು. ಕಾಲೇಜಿನ ತರಗತಿಯಲ್ಲಿ ಇದು ಒಳ್ಳೆಯ ಅಭ್ಯಾಸವಾದೀತು. ಪೈತಾನಿನವರು ಈಗ ತಮ್ಮ ಕಡತದ ಹೆಸರಿನಲ್ಲಿಯೇ '೨_೧೭' ಎಂಬಂತೆ ಅದನ್ನು ನಮೂದಿಸುತ್ತಾರೆ. ತಂತ್ರಾಂಶವನ್ನು ಹಂಚುವ ಇತರರೂ ಇಷ್ಟನ್ನಾದರೂ ಮಾಡಲೆಂದು ಅಪೇಕ್ಷಿಸುವುದು ಅತಿಯಾಗದು.